ತಿಮಿಂಗಿಲ ನೋಡಲು ಹೋದವರು

ಗಣಿಯ ಹಳೆಯ ಜೊತೆಗಾರ ಕುಪ್ಪುಸ್ವಾಮಿಯ ಮಗಳ ಮದುವೆಗೆಂದು ಮಂಗಳೂರಿನ ಕಡೆಯಿಂದ ಬಂದಿದ್ದ ಸೇಸ ಕುಂದರ್, ಊಟವಾದ ಮೇಲೆ ಚಪ್ಪರದ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತ, "ರಾಮಣ್ಣ, ಈ ಸಲ ನಿನ್ನನ್ನು ಕರಕೊಂಡೇ ಹೋಗುವುದು ನಾನು. ಇಲ್ಲ ಅಂತ ಮಾತ್ರ ಹೇಳಬೇಡ ಮಾರಾಯ" ಎಂದ.

ಕದಿರಮ್ಮ ಗಂಡ ರಾಮಚಂದ್ರಪ್ಪನ ಮುಖ ನೋಡಿದಳು. ಅವನು ಇಲ್ಲ ಅನ್ನುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಮಳೆಗಾಲ ಮುಗಿದು ಕಡಲು ತಣ್ಣಗಾಗುತ್ತಲೇ ಸೇಸನಿಂದ ಪ್ರತಿ ವರ್ಷ ಯಾರಾದರೊಬ್ಬರ ಬಾಯಲ್ಲಿ ಕರೆ ಬರುತ್ತಿತ್ತು: ಬಾ, ತಿಮಿಂಗಿಲ ತೋರಿಸುತ್ತೇನೆ. ಪ್ರತಿ ವರ್ಷ ರಾಮಚಂದ್ರಪ್ಪ ಒಂದಲ್ಲ ಒಂದು ನೆಪ ಹೇಳುತ್ತಿದ್ದ. ರಜ ಇಲ್ಲ, ಹಸು ಕರು ಹಾಕೋದೈತೆ, ರಾಗಿ ಕೊಯ್ಲಿಗೆ ಬಂದೈತೆ.

ಈ ಸಲ ಅವನು ಬಹಳ ಹೊತ್ತು ಸೇಸನ ತಲೆಯನ್ನೇ ನೋಡುತ್ತ ಕೂತ. ಆಮೇಲೆ, "ಆಯ್ತು ಸೇಸಣ್ಣ, ಬತ್ತೀನಿ. ಇವಳೂ ಬತ್ತಾಳೆ" ಎಂದ.

ಕದಿರಮ್ಮನಿಗೆ ಬಾಯಲ್ಲಿದ್ದ ಅಡಿಕೆ ಅಗಿಯುವುದು ಮರೆತುಹೋಯಿತು.

ಸೇಸ ಹರೆಯದಲ್ಲಿ ಬಡಗಿ ಕೆಲಸ ಕಲಿತು ಚಿನ್ನದ ಗಣಿಗೆ ಬಂದವನು. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ದಿಮ್ಮಿಗಳನ್ನು ಊರುವುದು ಅವನ ಕೆಲಸ. ರಾಮಚಂದ್ರಪ್ಪ ಅದೇ ಗುಂಪಿನಲ್ಲಿ ದಿಮ್ಮಿ ಹೊರುತ್ತಿದ್ದ. ಹಲವು ವರ್ಷಗಳ ಹಿಂದೆ ಒಂದು ದಿನ ಒಳಗೆ ಬಂಡೆ ಸಿಡಿಯಿತು. ಮೇಲೆ ಮನೆಗಳಲ್ಲಿ ಪಾತ್ರೆಗಳು ಅಲುಗಾಡಿದವು. ಮೂವರು ಒಳಗೆ ಸಿಕ್ಕಿಕೊಂಡರು. ಮಾರನೆಯ ದಿನ ಇವರಿಬ್ಬರೇ ಈಚೆ ಬಂದರು. ಸೇಸ ಮತ್ತೆ ಒಳಗೆ ಇಳಿಯಲೇ ಇಲ್ಲ, ಪೆಟ್ಟಿಗೆ ಕಟ್ಟಿಕೊಂಡು ಕಡಲ ತೀರಕ್ಕೆ ಹೊರಟುಹೋದ. ರಾಮಚಂದ್ರಪ್ಪನಿಗೆ ಮೇಲುಗಡೆ, ಕೂಲಿಗಳ ತಲೆದೀಪಗಳನ್ನು ತೊಳೆದು ಜೋಡಿಸಿಡುವ ಕೆಲಸ ಕೊಟ್ಟರು.

ಆ ದಿನದ ಬಗ್ಗೆ ಅವನು ಹೆಂಡತಿಯ ಹತ್ತಿರ ಬಾಯಿ ಬಿಟ್ಟವನಲ್ಲ. ಕದಿರಮ್ಮ ಕ್ಯಾಸಂಬಳ್ಳಿ ದಾರಿಯ ತಮ್ಮ ಹಳ್ಳಿಯಿಂದ ದಿನಾ ಹಾಲು, ಸೊಪ್ಪು ಹೊತ್ತು ನಂದಿದುರ್ಗ ಗಣಿಯ ಕೂಲಿ ಲೈನುಗಳಲ್ಲಿ ಮಾರುವವಳು. ಲೋಕದ ಸುದ್ದಿಯೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಆದರೆ ತನ್ನ ಗಂಡ ಕತ್ತಲಲ್ಲಿ ಕಳೆದ ಆ ಹೊತ್ತಿನ ಸುದ್ದಿ ಮಾತ್ರ ಯಾರೂ ಹೇಳಲಿಲ್ಲ. ಮೊದಮೊದಲು ಕೇಳಿದಳು. ಅವನು ಎದ್ದು ಹೊರಗೆ ಹೋಗುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟಳು.

ಹಸುವನ್ನು ಪಕ್ಕದ ಮನೆಯ ಪಾಪಕ್ಕನಿಗೆ ಒಪ್ಪಿಸಿ, ಹುರಿಗಾಳು, ಹುರಿಹಿಟ್ಟು ಗಂಟು ಕಟ್ಟಿಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿದರು. ಜೋಲಾರಪೇಟೆಯಲ್ಲಿ ಇಳಿದು ಮಂಗಳೂರಿನ ಗಾಡಿ ಹಿಡಿದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಹಸಿರು ಹೆಚ್ಚುತ್ತ ಹೋಯಿತು. ಇಷ್ಟೊಂದು ನೀರು ಇಟ್ಟುಕೊಂಡು ಈ ಜನ ರಾಗಿ ಬೆಳೆಯದೆ ಸುಮ್ಮನಿದ್ದಾರಲ್ಲ ಎಂದು ಕದಿರಮ್ಮನಿಗೆ ಆಶ್ಚರ್ಯ. ಕೊನೆಗೆ ನೇತ್ರಾವತಿಯನ್ನು ಕಡವಿನ ದೋಣಿಯಲ್ಲಿ ದಾಟಿ, ತೆಂಗಿನ ತೋಪುಗಳ ನಡುವೆ ಮರಳಿನಲ್ಲಿ ನಡೆದು ಸೇಸನ ಕೇರಿ ಸೇರಿದರು.

ಮನೆ ಸೇಸನ ಅಕ್ಕ ಚೆನ್ನಕ್ಕನದು. ಗಟ್ಟಿಮುಟ್ಟಾದ ಮುದುಕಿ, ಎರಡೂ ಕಡೆ ಮೂಗುಬೊಟ್ಟು, ಬುಟ್ಟಿ ಹೊತ್ತು ಹೊತ್ತು ನೇರವಾಗಿ ನಿಂತ ಕತ್ತು. ಆ ಕತ್ತು ನೋಡುತ್ತಲೇ ಕದಿರಮ್ಮನಿಗೆ ಇವಳು ನಮ್ಮವಳು ಅನ್ನಿಸಿಬಿಟ್ಟಿತು. ಚೆನ್ನಕ್ಕ ಮೀನು ಮಾರುವವಳು. ಹೇಳಿದ ಬೆಲೆಗೆ ಚೌಕಾಸಿ ಮಾಡದ ಗಿರಾಕಿ ಯಾರು, ಹೊಸ್ತಿಲಲ್ಲಿ ನಿಲ್ಲಿಸಿ ಕಾಯಿಸುವ ಗಿರಾಕಿ ಯಾರು ಎಂಬ ಮಾತಿನಲ್ಲಿ ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಬ್ಬಳ ಕನ್ನಡ ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಕೈ, ಕಣ್ಣು ತುಂಬಿಸಿದವು.

ಮಾರನೆಯ ಬೆಳಗ್ಗೆ ದಂಡೆಯಲ್ಲಿ ತಕರಾರು ಎದ್ದಿತು. ದೋಣಿ ನಡೆಸುವವನು ಚೆನ್ನಕ್ಕನ ಮಗ ತಿಮ್ಮ, ಎರಡು ಮಕ್ಕಳ ತಂದೆ. ರಾಮಚಂದ್ರಪ್ಪನ ಹಿಂದೆ ಕದಿರಮ್ಮನೂ ಸೆರಗು ಸಿಕ್ಕಿಸಿಕೊಂಡು ಬಂದದ್ದು ನೋಡಿ ಅವನು ಮಾವನಿಗೆ ತುಳುವಿನಲ್ಲಿ ಏನೋ ಬಿರುಸಾಗಿ ಹೇಳಿದ. ಸೇಸ ತಲೆ ಕೆರೆದುಕೊಂಡ.

"ಎಂತ ಹೇಳುವುದು ಅತ್ತಿಗೆ, ನಮ್ಮಲ್ಲಿ ಹೆಂಗಸರು ದೋಣಿ ಹತ್ತುವ ಪದ್ಧತಿ ಇಲ್ಲ. ಮೀನು ದೂರ ಹೋಗ್ತದೆ ಅಂತ."

ಕದಿರಮ್ಮನಿಗೆ ಬೇಸರವಾಯಿತು, ಆದರೆ ಹೊಸದೇನೂ ಅನ್ನಿಸಲಿಲ್ಲ. "ಬಿಡಣ್ಣ, ನಮ್ಮಲ್ಲೂ ಅಂಗೇ ಅಲ್ವಾ. ಗಣಿ ಒಳಕ್ಕೆ ಎಂಗಸ್ರನ್ನ ಬಿಡಲ್ಲ. ಇವರು ಅಷ್ಟು ವರ್ಷ ಇಳಿದು ಮ್ಯಾಲೆ ಬತ್ತಿದ್ರು, ಒಳಗೆ ಎಂಗೈತೆ ಅಂತ ನಾನು ಒಂದು ದಿನ ಕಣ್ಣಲ್ಲಿ ಕಂಡೋಳಲ್ಲ. ಇಲ್ಲೇ ಕುಂತಿರ್ತೀನಿ, ನೀವು ಓಗಿ ಬನ್ನಿ."

ಇದನ್ನು ಕೇಳಿಸಿಕೊಂಡ ಚೆನ್ನಕ್ಕ ದೋಣಿಯ ಹತ್ತಿರ ಬಂದಳು. ದೋಣಿಯೊಳಗೆ ಮಡಿಸಿಟ್ಟಿದ್ದ ಬಲೆಯ ತುದಿ ಹಿಡಿದು ಎಳೆಯತೊಡಗಿದಳು. ಬಲೆ ಉದ್ದಕ್ಕೆ ಬಂದು ಮರಳಿನ ಮೇಲೆ ರಾಶಿಯಾಗಿ ಬಿತ್ತು.

"ಬಲೆ ಇಲ್ಲಿಯೇ ಇರಲಿ," ಎಂದಳು, ಕದಿರಮ್ಮನಿಗೂ ತಿಳಿಯಲೆಂದು ಕನ್ನಡದಲ್ಲೇ. "ಇವತ್ತು ಮೀನು ಹಿಡಿಯಲಿಕ್ಕಿಲ್ಲ. ಮತ್ತೆ ಯಾವ ಮೀನು ದೂರ ಹೋಗುವುದು? ದೋಣಿ ನನ್ನ ಮನೆಯದ್ದು. ಇವಳು ಬರ್ತಾಳೆ."

ತಿಮ್ಮ ಏನೋ ಹೇಳಲು ಹೋದ.

"ನಾನೂ ಬರ್ತೇನೆ," ಎಂದಳು ಚೆನ್ನಕ್ಕ.

ತಿಮ್ಮ ದೋಣಿಯನ್ನು ನೀರಿಗೆ ತಳ್ಳಲು ಬಗ್ಗಿದ. ಈ ಕಡಲ ಮೀನು ಮಾರಿ ಮಕ್ಕಳನ್ನು ಸಾಕಿದ ಆ ಮುದುಕಿ ಜನ್ಮದಲ್ಲಿ ಸೊಂಟದಷ್ಟು ನೀರಿನ ಆಚೆ ಹೋದವಳಲ್ಲ ಎಂದು ಕದಿರಮ್ಮನಿಗೆ ಆಮೇಲೆ ತಿಳಿಯಿತು.

ತೆರೆ ಒಡೆಯುವ ಕಡೆ ದೋಣಿ ಎದ್ದು ಬಿದ್ದಾಗ ಕದಿರಮ್ಮ ಮನೆದೇವರನ್ನೆಲ್ಲ ಕರೆದಳು. ಉಪ್ಪುನೀರು ಮುಖಕ್ಕೆ ಎರಚಿತು. ತಿಮ್ಮನೂ ಸೇಸನೂ ಒಂದೇ ಉಸಿರಿಗೆ ಹುಟ್ಟು ಹಾಕಿದರು, ರಾಮಚಂದ್ರಪ್ಪ ದೋಣಿಯ ಅಂಚು ಹಿಡಿದು ಹಲ್ಲು ಕಚ್ಚಿಕೊಂಡಿದ್ದ. ತೆರೆಗಳ ಸಾಲು ದಾಟಿದ ಮೇಲೆ ಎಲ್ಲ ಒಮ್ಮೆಲೇ ಸಮವಾಯಿತು. ತಿಮ್ಮ ಹಾಯಿ ಬಿಚ್ಚಿದ. ಬೆಳಗಿನ ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು; ದೋಣಿ ಸದ್ದಿಲ್ಲದೆ ಹೊರಟಿತು.

ಸ್ವಲ್ಪ ಹೊತ್ತಿಗೆ ಕದಿರಮ್ಮನ ಹೊಟ್ಟೆ ತೊಳಸಿತು. ಚೆನ್ನಕ್ಕನ ಹೊಟ್ಟೆಯೂ ತೊಳಸಿತು. ಇಬ್ಬರೂ ಒಂದೇ ನಿಂಬೆಹಣ್ಣನ್ನು ಸರದಿಯಲ್ಲಿ ಮೂಸುತ್ತ, ಒಬ್ಬರ ಅವಸ್ಥೆ ನೋಡಿ ಇನ್ನೊಬ್ಬರು ನಕ್ಕರು. ತಿಮ್ಮ ಕೂಡ ಬೇರೆ ಕಡೆ ಮುಖ ತಿರುಗಿಸಿ ನಕ್ಕ. ದಂಡೆಯ ತೆಂಗಿನ ಮರಗಳು ಗರಿಕೆಯಷ್ಟಾದವು, ಆಮೇಲೆ ಬರೀ ಒಂದು ಗೆರೆಯಾದವು. ಸುತ್ತಲೂ ನೀರು. ಹೊಲವಿಲ್ಲ, ಬದುವಿಲ್ಲ, ಇದು ಇಂಥವರದು ಎಂಬ ಗುರುತಿಲ್ಲ. ಇಷ್ಟು ಜಾಗ ಒಟ್ಟಿಗೆ ಇರುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಒಂದು ಕಡೆ ಕಪ್ಪು ಬೆನ್ನುಗಳು ನೀರಿಂದ ಎದ್ದು ಬಾಗಿ ಮುಳುಗಿದವು. ಕದಿರಮ್ಮ ಗಂಡನ ತೋಳು ಹಿಡಿದು ಕೂಗಿದಳು.

"ಅದಲ್ಲ ಅತ್ತಿಗೆ," ಎಂದ ಸೇಸ. "ಅದು ಡಾಲ್ಫಿನ್ನು, ಆಟದ ಮಕ್ಕಳು. ನಾವು ನೋಡಲಿಕ್ಕೆ ಬಂದದ್ದು ಬೇರೆ. ಬೂತಾಯಿ ಮೀನಿನ ಹಿಂಡು ಎಲ್ಲಿ ಉಂಟೋ ಅಲ್ಲಿಗೆ ಅದು ಬರ್ತದೆ. ಹಕ್ಕಿಗಳನ್ನು ನೋಡ್ತಾ ಇರಿ, ಅವು ಹೇಳ್ತವೆ."

ಹಕ್ಕಿಗಳು ಏನೂ ಹೇಳಲಿಲ್ಲ. ಬಿಸಿಲೇರಿತು. ಗಾಳಿ ಬಿದ್ದುಹೋಗಿ ಹಾಯಿ ಒಣಗಹಾಕಿದ ಸೀರೆಯಂತೆ ಜೋತುಬಿತ್ತು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಕದಿರಮ್ಮನ ಹುರಿಗಾಳು, ಎಲ್ಲರೂ ಹಂಚಿಕೊಂಡು ಉಂಡರು. ದೋಣಿ ತೊಟ್ಟಿಲಿನಂತೆ ತೂಗುತ್ತಿತ್ತು.

ಉಂಡು ಕೂತಾಗ ಕದಿರಮ್ಮನಿಗೆ ಹಳೆಯ ಪ್ರಶ್ನೆ ನಾಲಿಗೆಗೆ ಬಂತು. ಇಲ್ಲಿ ಅವನು ಎದ್ದು ಹೊರಗೆ ಹೋಗುವಂತಿರಲಿಲ್ಲ.

"ಇಷ್ಟು ವರ್ಷ ಕರೆದ್ರೂ ಬರ್ದೋರು ಈಗ ಯಾಕೆ ಬಂದ್ರಿ?" ಎಂದಳು ಮೆಲ್ಲಗೆ.

ರಾಮಚಂದ್ರಪ್ಪ ನೀರು ನೋಡುತ್ತ ಕೂತಿದ್ದ. "ಸೇಸಣ್ಣನ ತಲೆ ಪೂರ್ತಿ ಬೆಳ್ಳಗಾಗಿದ್ದು ನೋಡ್ದೆ," ಎಂದ. "ಇನ್ನೂ ತಡ ಮಾಡಿದ್ರೆ ಯಾರೂ ಓಗಲ್ಲ ಅನ್ನಿಸ್ತು ಕಣೇ. ಮೂರು ಜನ ಬರ್ಬೇಕಾಗಿತ್ತು. ಇಬ್ಬರೇ ಬರೋದು ಎಂಗೆ ಅಂತ ಇಷ್ಟು ದಿನ ಆಗ್ತಿರಲಿಲ್ಲ."

"ಯಾವ ಮೂರು ಜನ?"

"ಮುನಿಸ್ವಾಮಪ್ಪನೂ."

ಮುನಿಸ್ವಾಮಪ್ಪ ಅವರದೇ ಹಳ್ಳಿಯವನು. ಗಣಿಯಿಂದ ಈಚೆ ಬರದೆ ಹೋದ ಮೂರನೆಯವನು ಅವನೇ. ಅವನ ಹೆಂಡತಿ ಗಂಗರತ್ನಮ್ಮ ಹಿಂದಿನ ಬೀದಿಯಲ್ಲಿ ಇದ್ದಳು, ಕೂಲಿನಾಲಿ ಮಾಡಿಕೊಂಡು. ಬಂಡೆ ಬಿದ್ದ ಕೂಡಲೇ ಅವನ ಪ್ರಾಣ ಹೋಯಿತೆಂದೇ ಊರು ತಿಳಿದಿತ್ತು. ಕದಿರಮ್ಮನೂ ಹಾಗೇ ತಿಳಿದಿದ್ದಳು.

ರಾಮಚಂದ್ರಪ್ಪ ಹೇಳತೊಡಗಿದ. ಬಂಡೆ ಸಿಡಿದ ಮೇಲೆ ದೂಳು ಅಡಗುವ ತನಕ ಒಬ್ಬರಿಗೊಬ್ಬರು ಕಾಣಲಿಲ್ಲ. ಮುನಿಸ್ವಾಮಪ್ಪನ ಕಾಲು ಬಂಡೆಯ ಕೆಳಗೆ ಸಿಕ್ಕಿತ್ತು. ಎಷ್ಟು ಸರಿಸಿದರೂ ಬಂಡೆ ಜಗ್ಗಲಿಲ್ಲ. ದೀಪ ಉಳಿಸಲೆಂದು ಆರಿಸಿ ಕೂತರು. ಉಸಿರಾಡಲು ಗಾಳಿ ಕಡಿಮೆ, ಅವನು ನೋವಿಗೆ ಅರಚುತ್ತಿದ್ದ. ಆಗ ಸೇಸಣ್ಣ, ಅರಚಬೇಡ, ಉಸಿರು ನಿಧಾನ ಬಿಡು, ನಮ್ಮ ಕಡಲಲ್ಲಿ ಒಂದು ಪ್ರಾಣಿ ಉಂಟು, ಉಸಿರು ಹಿಡಿದು ಎಷ್ಟೋ ಆಳಕ್ಕೆ ಹೋಗಿ ಮತ್ತೆ ಮೇಲೆ ಬರ್ತದೆ ಅಂತ ಶುರು ಮಾಡಿದ.

"ನನಗೆ ಬಾಯಿಗೆ ಬಂದದ್ದು ಅದೇ," ಎಂದ ಸೇಸ, ಹುಟ್ಟಿನ ಹಿಡಿ ಸವರುತ್ತ. "ಬೇರೆ ಏನು ಹೇಳುವುದು ಆ ಹೊತ್ತಲ್ಲಿ?"

"ಮುನಿಸ್ವಾಮಪ್ಪ ಅರಚೋದು ನಿಲ್ಲಿಸ್ದ," ಎಂದ ರಾಮಚಂದ್ರಪ್ಪ. "ಆಮ್ಯಾಕೆ ಬಿಡಲೇ ಇಲ್ಲ. ಕೇಜಿಗಿಂತ ದೊಡ್ಡದಾ ಅಂತ ಕೇಳ್ದ. ನಾವು ಗಣಿಗೆ ಇಳಿಯೋ ಕೇಜು ಒಂದರ ಪಕ್ಕ ಒಂದು ಇಟ್ರೂ ಸಾಲಲ್ಲ ಅಂದ್ರೆ ನಂಬಲೇ ಇಲ್ಲ. ಮೀನಾದ್ರೆ ಉಸಿರಿಗೆ ಯಾಕೆ ಮ್ಯಾಲೆ ಬರ್ಬೇಕು ಅಂದ. ಮರಿ ಆಕಿ ಆಲು ಕುಡಿಸ್ತದೆ ಅಂದ್ರೆ, ಅದೆಂಗಲಾ ನೀರೊಳಗೆ ಆಲು ಕುಡಿಸೋದು, ಕಲಸೋಗಲ್ವಾ ಅಂತ ನಕ್ಕುಬಿಟ್ಟ. ಕಾಲು ಬಂಡೆ ಕೆಳಗೆ, ನಗ್ತಾವ್ನೆ! ನಾವೂ ನಕ್ಕಿದ್ವಿ. ಈಚೆ ಓದ್ಮೇಲೆ ಮೂರು ಜನಾನೂ ಓಗಿ ನೋಡಾನ, ಸೇಸಣ್ಣ ಸುಳ್ಳು ಏಳಿದ್ರೆ ಅಲ್ಲೇ ಕಡಲಿಗೆ ತಳ್ಳಾನ ಅಂದ. ಆಮ್ಯಾಕೆ ಸುಮ್ಕಾದ. ನಿದ್ದೆ ಬಂತು ಅಂದ್ಕೊಂಡ್ವಿ. ದೀಪ ಅಚ್ಚಿ ನೋಡ್ದಾಗ..."

ಅವನು ಅಲ್ಲಿಗೇ ನಿಲ್ಲಿಸಿದ. ಕದಿರಮ್ಮ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಇವನು ಸಂತೆಗೆ ಹೋಗುವಾಗ ಹಿಂದಿನ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಯಾಕೆ ಹೋಗುತ್ತಿದ್ದನೆಂಬುದು ಅವಳಿಗೆ ಈಗ ಅರ್ಥವಾಯಿತು. ಗಂಗರತ್ನಮ್ಮ ಎದುರು ಸಿಕ್ಕಿದರೆ ಎಲ್ಲಿಂದ ಶುರು ಮಾಡಬೇಕೋ ಅವನಿಗೆ ಗೊತ್ತಿರಲಿಲ್ಲ. ಚೆನ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೊದಲು ಕೇಳಿಸಿದ್ದು ಕದಿರಮ್ಮನಿಗೆ. ಬೆನ್ನ ಹಿಂದೆ ಯಾರೋ ದೀರ್ಘವಾಗಿ ಉಸಿರು ಬಿಟ್ಟ ಹಾಗೆ. ಮನುಷ್ಯರ ಉಸಿರಲ್ಲ, ಕಮ್ಮಾರನ ತಿದಿಯಂತೆ ದೊಡ್ಡದು. ತಿರುಗಿ ನೋಡಿದಳು. ನೀರಿನ ಮೇಲೆ ಹೊಗೆಯಂಥ ಒಂದು ಕಂಬ ನಿಂತು, ಬಿಸಿಲಿಗೆ ಮಿಂಚಿ, ಚದುರಿಹೋಯಿತು. ಅದರ ಕೆಳಗೆ ಕಪ್ಪಗೆ, ನುಣ್ಣಗೆ ಒಂದು ಬೆನ್ನು ಜಾರುತ್ತಿತ್ತು. ಜಾರುತ್ತಲೇ ಇತ್ತು. ಇನ್ನೇನು ಮುಗಿಯಿತು ಅಂದುಕೊಂಡರೆ ಮತ್ತೂ ಇತ್ತು. ಕೊನೆಗೆ ಕುಡುಗೋಲಿನಂತೆ ಬಾಗಿದ ಒಂದು ಪುಟ್ಟ ರೆಕ್ಕೆ ಕಂಡು, ನೀರು ಮುಚ್ಚಿಕೊಂಡಿತು. ಅದು ಮುಳುಗಿದ ಜಾಗ ಎಣ್ಣೆ ಸುರಿದಂತೆ ಸಮವಾಗಿ ಹೊಳೆಯಿತು.

"ಬಂತು," ಎಂದು ಸೇಸ ಪಿಸುಗುಟ್ಟಿದ.

ರಾಮಚಂದ್ರಪ್ಪ ಎದ್ದು ನಿಂತುಬಿಟ್ಟ. ದೋಣಿ ವಾಲಿತು. ತಿಮ್ಮ ತುಳುವಿನಲ್ಲಿ ಗದರಿದ, ಸೇಸ ಅಂಗಿ ಹಿಡಿದು ಎಳೆದ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಯಿಯ ಕಂಬ ತಬ್ಬಿಕೊಂಡು ನಿಂತೇ ಇದ್ದ. ಕದಿರಮ್ಮ ಅವನ ಮೊಣಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಮತ್ತೆ ಎದ್ದಾಗ ಅದು ಹತ್ತಿರವೇ ಇತ್ತು. ದೋಣಿಗಿಂತ ದೊಡ್ಡದು, ಬಹಳ ದೊಡ್ಡದು. ಅದರ ಉಸಿರಿನ ತುಂತುರು ಇವರ ಮೇಲೆ ಬಿದ್ದು ಹಸಿಮೀನಿನ ನಾತ ಹೊಡೆಯಿತು. ಚೆನ್ನಕ್ಕ ಕೈ ಮುಗಿದಳು. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಉಸಿರು, ಆತುರದ್ದು. ಕದಿರಮ್ಮ ಬಗ್ಗಿ ನೋಡಿದಳು. ತಿಳಿನೀರಿನಲ್ಲಿ ದೊಡ್ಡದರ ಹೊಟ್ಟೆಯ ಪಕ್ಕ ಒಂದು ಮರಿ, ಮರಿಯೆಂದರೂ ಎತ್ತಿನ ಗಾಡಿಗಿಂತ ಉದ್ದ, ತಾಯಿಯ ಕೆಳಗೆ ನುಗ್ಗುವುದು, ಮೂತಿಯಿಂದ ತಿವಿಯುವುದು, ಮತ್ತೆ ಉಸಿರಿಗೆ ಮೇಲೆ ಬರುವುದು.

"ಆಲು ಕುಡೀತೈತೆ!" ಎಂದಳು ಅವಳು. "ನೋಡ್ರಿ, ಇಗೋ ಇಲ್ಲಿ. ನಮ್ಮ ಕರು ಗುದ್ದಲ್ವಾ, ಅಂಗೇ ಗುದ್ದತೈತೆ."

ಅದು ಹಾಲು ಕುಡಿಯುತ್ತಿತ್ತೋ, ಸುಮ್ಮನೆ ತಾಯಿಯನ್ನು ಒತ್ತಿಕೊಂಡಿತ್ತೋ, ಖಚಿತವಾಗಿ ಹೇಳಬಲ್ಲವರು ಆ ದೋಣಿಯಲ್ಲಿ ಯಾರೂ ಇರಲಿಲ್ಲ. ಆದರೆ ಹಸು ಕರೆದು ಬದುಕಿದವಳ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ. ರಾಮಚಂದ್ರಪ್ಪ ಕಂಬ ಹಿಡಿದುಕೊಂಡೇ ಜಾರಿ ಕೂತ. ಅವನ ಮುಖದ ಮೇಲೆ ಇಳಿಯುತ್ತಿದ್ದದ್ದು ಕಡಲ ನೀರು ಮಾತ್ರ ಅಲ್ಲವೆಂದು ಕದಿರಮ್ಮ ಕಂಡಳು.

ತಾಯಿ ಮರಿ ಎರಡೂ ದೋಣಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಮುಳುಗುತ್ತ ಏಳುತ್ತ, ತೆಂಕು ದಿಕ್ಕಿಗೆ ಹೊರಟುಹೋದವು. ಹೊಗೆಯ ಕಂಬ ಚಿಕ್ಕದಾಗುತ್ತ ಹೋಗಿ ಕಣ್ಣಿಗೆ ಸಿಗದಾಯಿತು.

"ಎಷ್ಟು ಸಲ ಬಂದಿದ್ದೇನೆ," ಎಂದ ತಿಮ್ಮ, ಬಂದಾಗಿನಿಂದ ಮೊದಲ ಸಲ ಕನ್ನಡದಲ್ಲಿ. "ಮರಿ ಕಂಡದ್ದು ಇಲ್ಲ."

ಚೆನ್ನಕ್ಕ ಮಗನ ಕಡೆ ನೋಡಿ, ಇನ್ನು ಹೆಂಗಸರು ಹತ್ತಿದರೆ ಕೆಟ್ಟದ್ದು ಅಂತ ಹೇಳು ನೋಡುವ ಎಂದಳು. ಅವನು ಹಾಯಿ ಸರಿಮಾಡುವ ನೆವದಲ್ಲಿ ಎದ್ದ. ಅಷ್ಟರಲ್ಲಿ ಗಾಳಿಯೂ ತಿರುಗಿತ್ತು. ಕಡಲ ಕಡೆಯಿಂದ ಬೀಸಿ ಅವರನ್ನು ದಂಡೆಗೆ ಹೊರಡಿಸಿತು. ದಾರಿಯಲ್ಲಿ ರಾಮಚಂದ್ರಪ್ಪ ದೋಣಿಯ ತಳದಲ್ಲೇ ಕಾಲು ಚಾಚಿ, ಹೆಂಡತಿಯ ಗಂಟಿನ ಮೇಲೆ ತಲೆಯಿಟ್ಟು ನಿದ್ದೆ ಹೋದ.

ಊರಿಗೆ ಬಂದ ಮೇಲೆ ಅವನು ಮೊದಲು ಮಾಡಿದ್ದು ಗಂಗರತ್ನಮ್ಮನ ಮನೆಗೆ ಹೋಗಿದ್ದು. ಕದಿರಮ್ಮನೂ ಜೊತೆಗೆ ಹೋದಳು. ಗಂಗರತ್ನಮ್ಮ ಜಗುಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ರಾಮಚಂದ್ರಪ್ಪ ಕೆಳಗಿನ ಮೆಟ್ಟಿಲ ಮೇಲೆ ಕೂತು, ತಲೆ ತಗ್ಗಿಸಿ, ಮೊದಲಿನಿಂದ ಕೊನೆಯ ತನಕ ಹೇಳಿದ. ದೋಣಿಯಲ್ಲಿ ಹೇಳಿದ್ದಕ್ಕಿಂತ ಸಲೀಸಾಗಿ ಬಂತು ಮಾತು. ಮೊರದ ಸದ್ದು ಎಲ್ಲಿ ನಿಂತಿತೋ ಕದಿರಮ್ಮನಿಗೆ ನೆನಪಿಲ್ಲ.

ಎಲ್ಲ ಕೇಳಿದ ಮೇಲೆ ಗಂಗರತ್ನಮ್ಮ ಅವನ ಕಡೆ ತಿರುಗಿದಳು.

"ನಕ್ರಾ ಅವರು?" ಎಂದಳು.

"ನಕ್ಕ ಕಣಮ್ಮ. ಗಟ್ಟಿಯಾಗೇ ನಕ್ಕ."

"ಸತ್ತಿದ್ದು ಅಂದ್ರೆ ನಂಗೆ ಬರೀ ಬಂಡೆ ಬೀಳೋದೇ ಕಣ್ಣಿಗೆ ಕಟ್ತಿತ್ತು," ಎಂದಳು ಅವಳು. ಆಮೇಲೆ, "ಅದ್ಸರಿ, ಕಡಲಿಗೆ ಓಗ್ತೀನಿ ಅಂದ್ರಾ? ಅವರಾ? ಬೇತಮಂಗಲದ ಕೆರೆ ಕೋಡಿ ಬಿದ್ದಾಗ ನೋಡಾನ ಬಾರಪ್ಪ ಅಂತ ಕರ್ಕೊಂಡೋದ್ರೆ, ಏರಿ ಮ್ಯಾಲೆ ಒಂದು ಮರ ತಬ್ಬಿಕೊಂಡು ಈಚೆಗೆ ಬರ್ಲಿಲ್ಲ ಆ ಮನುಷ್ಯ! ನೀರು ಅಂದ್ರೆ ಅಷ್ಟು ಭಯ" ಎಂದು ನಗತೊಡಗಿದಳು. ನಗುತ್ತ ನಗುತ್ತ ಅಳು ಬಂತು, ಅಳುತ್ತ ಮತ್ತೆ ನಗು ಬಂತು. ಕದಿರಮ್ಮ ಪಕ್ಕಕ್ಕೆ ಹೋಗಿ ಕೂತು, ಮೊರವನ್ನು ಅವಳ ಕೈಯಿಂದ ತೆಗೆದು ತಾನೇ ಕೇರಿದಳು.

ಮಾರನೆಯ ವರ್ಷ ಮಳೆ ನಿಂತ ಮೇಲೆ ಬಂಗಾರಪೇಟೆಯಲ್ಲಿ ರೈಲು ಹತ್ತಿದವರು ಕದಿರಮ್ಮ ಮತ್ತು ಗಂಗರತ್ನಮ್ಮ. ಹಸು ನೋಡಿಕೊಳ್ಳಲು ರಾಮಚಂದ್ರಪ್ಪ ತಾನೇ ಉಳಿದ. ಆ ಸಲ ತಿಮ್ಮ ತಕರಾರು ಮಾಡಲಿಲ್ಲ, ಬಲೆಯನ್ನು ಅವನೇ ತೆಗೆದು ಮರಳಿನ ಮೇಲೆ ಇಟ್ಟ. ಆದರೆ ತಿಮಿಂಗಿಲ ಬರಲಿಲ್ಲ. ಇಡೀ ದಿನ ಕಾದರು, ಮರುದಿನವೂ ಹೋಗಿ ಕಾದರು. ಸೇಸನಿಗೆ ತಾನೇ ತಪ್ಪು ಮಾಡಿದವನ ಹಾಗೆ ಮುಖ ಸಣ್ಣದಾಯಿತು.

"ಇರ್ಲಿ ಬಿಡಣ್ಣ," ಎಂದಳು ಗಂಗರತ್ನಮ್ಮ. "ಅದಕ್ಕೂ ಕೆಲಸ ಇರ್ತೈತೆ. ಇನ್ನೊಂದು ವರ್ಷ ಬತ್ತೀವಿ."

ಅವಳು ದೋಣಿಯ ಅಂಚಿಗೆ ಒರಗಿ, ತೋಳಿನ ತನಕ ಕೈಯನ್ನು ನೀರಿಗೆ ಇಳಿಬಿಟ್ಟಿದ್ದಳು. ದೋಣಿ ಸಾಗಿದಂತೆಲ್ಲ ನೀರು ಅವಳ ಬೆರಳುಗಳ ನಡುವೆ ಸೀಳಿ ಹೋಗುತ್ತಿತ್ತು. ದಂಡೆಯ ತೆರೆಗಳು ಹತ್ತಿರವಾಗಿ ತಿಮ್ಮ ಕೈ ಒಳಗೆ ತಗೊಳ್ಳಿ ಎಂದು ಎರಡು ಸಲ ಹೇಳುವ ತನಕ ಅವಳು ಅದನ್ನು ಈಚೆಗೆ ತೆಗೆಯಲಿಲ್ಲ.